ಓಟ ಮುಗಿಸಿದ ನಾಯಿಗೆ ಕಾಲಾಣಿ: ಒಂಬತ್ತು ಪಾಠಗಳು

ಯಂತ್ರದ ಮೊಲದ ಹಿಂದೆ ಗ್ರೇಹೌಂಡ್‌ಗಳನ್ನು ಓಡಿಸುವ ಅಂಡಾಕಾರದ ಟ್ರ್ಯಾಕ್ ಇಂಗ್ಲೆಂಡಿನಲ್ಲಿ ಮೊದಲು ಶುರುವಾದದ್ದು 1926ರಲ್ಲಿ, ಮ್ಯಾಂಚೆಸ್ಟರಿನ ಬೆಲ್ ವ್ಯೂನಲ್ಲಿ. ನಾಲ್ಕೈದು ವರ್ಷದ ವಯಸ್ಸಿಗೆ ಓಟದಿಂದ ನಿವೃತ್ತಿಯಾಗುವ ಈ ನಾಯಿಗಳನ್ನು ಇಲ್ಲಿ ಜನ ದತ್ತು ಪಡೆದು ಮನೆಗೆ ತರುತ್ತಾರೆ. ಮರಳಿನ ಟ್ರ್ಯಾಕ್ ಬಿಟ್ಟು ಸೋಫಾ, ಫುಟ್‌ಪಾತ್, ಪಾರ್ಕಿನ ಬದುಕಿಗೆ ಹೊಂದಿಕೊಂಡ ನಾಯಿ ಒಂದು ದಿನ ಮುಂಗಾಲು ಎತ್ತಿ ಎತ್ತಿ ಇಡತೊಡಗುತ್ತದೆ. ಅಂಗಾಲು ತಿರುಗಿಸಿ ನೋಡಿದರೆ ಬೆರಳ ಮೆತ್ತೆಯ ನಡುವೆ ಕೆಲವೇ ಮಿಲಿಮೀಟರ್ ಅಗಲದ ದುಂಡನೆಯ ಗಡಸು ಚರ್ಮ. ಅದೇ ಆಣಿ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ನಾನು ನೋಡಿದ್ದೆಲ್ಲ ದನ, ಎಮ್ಮೆ, ಕುರಿಗಳ ಗೊರಸು. ನಾಯಿಯ ಕಾಲಾಣಿ ಪರಿಚಯವಾದದ್ದು ಉತ್ತರ ಇಂಗ್ಲೆಂಡಿನ ಸಣ್ಣ ಕ್ಲಿನಿಕ್ಕಿಗೆ ಬಂದ ಮೇಲೆ. ಬೇರೆ ತಳಿಗಳಲ್ಲಿ ಇದು ಅಪರೂಪ. ಗ್ರೇಹೌಂಡ್ ಮತ್ತು ಅದರ ಮಿಶ್ರ ತಳಿಗಳಲ್ಲಿ ಮಾತ್ರ ದಿನನಿತ್ಯದ ಮಾತು. ಆ ಕ್ಲಿನಿಕ್ಕಿನ ಮೇಜಿನ ಮೇಲೆ ಕಲಿತದ್ದನ್ನು ನಾಯಿ ಸಾಕಿದವರಿಗೆ ಉಪಯೋಗವಾಗುವಂತೆ ಇಲ್ಲಿ ಬರೆದಿದ್ದೇನೆ.

1. ನಡಿಗೆಯನ್ನು ಎರಡು ನೆಲದ ಮೇಲೆ ನೋಡಿ

ನಾಯಿ ಕುಂಟುತ್ತದೆ ಎಂದು ಯಾರಾದರೂ ಬಂದರೆ ನಾನು ಮೊದಲು ಅದನ್ನು ಮೇಜಿನ ಮೇಲೆ ಹತ್ತಿಸುವುದಿಲ್ಲ. ಕ್ಲಿನಿಕ್ಕಿನ ಹಿಂದೆ ಜಲ್ಲಿ ಹಾಕಿದ ಕಾರು ನಿಲ್ದಾಣ, ಅದರ ಪಕ್ಕದಲ್ಲಿ ಒಂದು ತುಂಡು ಹುಲ್ಲುಹಾಸು ಇದೆ. ಜಲ್ಲಿಯ ಮೇಲೆ ಹೆಜ್ಜೆ ಹೆಜ್ಜೆಗೂ ತಲೆ ಮೇಲಕ್ಕೆ ಕುಲುಕುವ ನಾಯಿ, ಹುಲ್ಲಿಗೆ ಕಾಲಿಟ್ಟ ಕೂಡಲೇ ಸಲೀಸಾಗಿ ನಡೆದರೆ ಅರ್ಧ ರೋಗ ಅಲ್ಲೇ ಪತ್ತೆಯಾದಂತೆ. ಕೀಲು, ಮೂಳೆ, ಸ್ನಾಯುವಿನ ನೋವಿಗೆ ಇಷ್ಟೊಂದು ನೆಲಭೇದ ಇರುವುದಿಲ್ಲ. ಮನೆಯವರೂ ಇದನ್ನು ಗಮನಿಸಿರುತ್ತಾರೆ. ನಾಯಿ ರಸ್ತೆ ಬಿಟ್ಟು ಅಂಚಿನ ಹುಲ್ಲಿನ ಮೇಲೇ ನಡೆಯಲು ಹಟ ಮಾಡುತ್ತದೆ ಎನ್ನುತ್ತಾರೆ, ಸೋಮಾರಿತನ ಅಂದುಕೊಂಡಿರುತ್ತಾರೆ. ಒಂದು ಎಚ್ಚರಿಕೆ ಇದೆ: ಇಲ್ಲಿನ ಜನವರಿ, ಫೆಬ್ರವರಿಯಲ್ಲಿ ಹುಲ್ಲುನೆಲವೂ ಹೆಪ್ಪುಗಟ್ಟಿ ಕಾಂಕ್ರೀಟಿನಷ್ಟೇ ಗಟ್ಟಿಯಾಗಿರುತ್ತದೆ. ಆಗ ಈ ಪರೀಕ್ಷೆಯನ್ನು ಕ್ಲಿನಿಕ್ಕಿನೊಳಗೆ, ದಪ್ಪ ಚಾಪೆ ಹಾಸಿಯೇ ಮಾಡಬೇಕು.

2. ಮೆತ್ತೆಯನ್ನು ಒದ್ದೆ ಮಾಡಿ, ಪಕ್ಕದಿಂದ ಹಿಂಡಿ

ಒಣಗಿದ, ಕೊಳೆ ಮೆತ್ತಿದ ಅಂಗಾಲಿನಲ್ಲಿ ಆಣಿ ಕಾಣುವುದು ಕಷ್ಟ. ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಒರೆಸಿ, ಟಾರ್ಚ್ ಬಿಟ್ಟು ನೋಡಿ. ಸುತ್ತಲಿನ ಮೆತ್ತೆ ಒರಟಾಗಿ ಹರಳು ಹರಳಾಗಿದ್ದರೆ, ಆಣಿ ಇರುವಲ್ಲಿ ಮಾತ್ರ ಆ ಹರಳುಗಳು ಮಾಯವಾಗಿ, ಸ್ಪಷ್ಟ ಅಂಚಿನ ಮಸುಕು ವೃತ್ತ ಕಾಣುತ್ತದೆ. ನೇರವಾಗಿ ಒತ್ತಿದರೆ ಕೆಲವು ನಾಯಿಗಳು ಸುಮ್ಮನಿರುತ್ತವೆ. ಅದೇ ಮೆತ್ತೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಎರಡೂ ಪಕ್ಕದಿಂದ ಮೆಲ್ಲಗೆ ಹಿಂಡಿದಾಗ ಸರಕ್ಕನೆ ಕಾಲೆಳೆದುಕೊಳ್ಳುತ್ತವೆ.

ಹೆಚ್ಚಾಗಿ ಸಿಗುವುದು ಮುಂಗಾಲಿನ ನಡುವಿನ ಎರಡು ಬೆರಳುಗಳಲ್ಲಿ, ಅಂದರೆ ಮೂರನೆಯ ಮತ್ತು ನಾಲ್ಕನೆಯ ಬೆರಳಿನಲ್ಲಿ. ಒಂದು ಸಿಕ್ಕಿತೆಂದು ನಿಲ್ಲಿಸದೆ ನಾಲ್ಕೂ ಕಾಲಿನ ಎಲ್ಲ ಮೆತ್ತೆಗಳನ್ನೂ ನೋಡಿ. ಹೊಕ್ಕ ಗಾಜಿನ ಚೂರು, ಮುಳ್ಳು, ವೈರಸ್ಸಿನ ನರೂಲಿ ಇವೂ ಹೊರಗಿನಿಂದ ಆಣಿಯ ಹಾಗೇ ಕಾಣಬಹುದು.

3. ಆಣಿ ಸಿಕ್ಕಿದ ಮೇಲೂ ಕಾಲಿನ ಉಳಿದ ಭಾಗ ಪರೀಕ್ಷಿಸಿ

ಈ ಪಾಠವನ್ನು ಹೊಸದಾಗಿ ಸೇರುವ ವೈದ್ಯರಿಗೆ ನಾನು ಮೊದಲ ದಿನವೇ ಹೇಳುತ್ತೇನೆ. ಗ್ರೇಹೌಂಡ್‌ಗಳಲ್ಲಿ ಮೂಳೆಯ ಕ್ಯಾನ್ಸರ್, ಆಸ್ಟಿಯೋಸಾರ್ಕೋಮಾ, ಉಳಿದ ನಾಯಿಗಳಿಗಿಂತ ಹೆಚ್ಚು. ಅದು ಬರುವುದೂ ನಡುವಯಸ್ಸು ದಾಟಿದ ಮೇಲೆ. ಹೆಚ್ಚಾಗಿ ಮುಂಗಾಲಿನಲ್ಲಿ, ಮಣಿಕಟ್ಟಿನ ಸ್ವಲ್ಪ ಮೇಲೆ ಅಥವಾ ಭುಜದ ಹತ್ತಿರ. ಆಣಿ ಬರುವ ವಯಸ್ಸೂ ಅದೇ, ಕಾಲೂ ಅದೇ. ಒಂದೇ ನಾಯಿಗೆ ಎರಡೂ ಇರಬಹುದು. ಹುಲ್ಲಿನ ಮೇಲೂ ಕುಂಟುವ, ಮಲಗಿದಾಗಲೂ ನರಳುವ, ಮೂಳೆಯ ಮೇಲೆ ಬಾವು ಇರುವ ನಾಯಿಗೆ, ಅಥವಾ ಆಣಿ ತೆಗೆದು ಒಂದೆರಡು ದಿನ ಕಳೆದರೂ ನಡಿಗೆ ಸುಧಾರಿಸದ ನಾಯಿಗೆ ಎಕ್ಸ್‌ರೇ ಮಾಡಿಸದೆ ಬಿಡಬಾರದು.

4. ಆಣಿ ಚರ್ಮದಲ್ಲಿ, ಕಾರಣ ಮೇಲಿನ ಮೂಳೆಯಲ್ಲಿ

ಕಾರಣದ ಬಗ್ಗೆ ವೈದ್ಯರಲ್ಲಿ ಇನ್ನೂ ಒಮ್ಮತವಿಲ್ಲ. ಹಳೆಯ ಗಾಯದ ಕಲೆ, ಒಳಗೆ ಉಳಿದ ಹರಳು, ಪ್ಯಾಪಿಲೋಮಾ ವೈರಸ್ ಎಲ್ಲವೂ ಚರ್ಚೆಯಲ್ಲಿವೆ. ಇಂಗ್ಲೆಂಡಿನ ಶಸ್ತ್ರವೈದ್ಯ ಮೈಕ್ ಗಿಲ್ಲಿಯಾರ್ಡ್ ಮತ್ತು ಸಂಗಡಿಗರು 2010ರಲ್ಲಿ ಆಣಿಯ ಕಾರಣ ಮತ್ತು ಶಸ್ತ್ರಚಿಕಿತ್ಸೆಯ ಫಲಿತಾಂಶದ ಬಗ್ಗೆ ಪ್ರಕಟಿಸಿದ ಲೇಖನ ಒತ್ತಡದ ಕಡೆಗೆ ಗಮನ ಸೆಳೆಯಿತು. ನನ್ನ ಅನುಭವವೂ ಆ ಕಡೆಗೇ ವಾಲುತ್ತದೆ. ನಾಯಿಯ ದೇಹದ ಭಾರದಲ್ಲಿ ಸುಮಾರು ಶೇ. 60 ಮುಂಗಾಲಿನ ಮೇಲೆ ಬೀಳುತ್ತದೆ. ಗ್ರೇಹೌಂಡಿನ ಮೈಯಲ್ಲಿ ಕೊಬ್ಬು ಕಡಿಮೆ. ಬೆರಳ ಮೂಳೆಗೂ ಮೆತ್ತೆಯ ಹೊರಚರ್ಮಕ್ಕೂ ನಡುವಿನ ಮೆದು ಭಾಗವೂ ತೆಳ್ಳಗೆ. ಮೂಳೆ ಮೇಲಿನಿಂದ, ನೆಲ ಕೆಳಗಿನಿಂದ ಒಂದೇ ಬಿಂದುವನ್ನು ಅದುಮಿದಾಗ ಚರ್ಮ ದಪ್ಪವಾಗುತ್ತದೆ. ದಪ್ಪವಾದ ಚರ್ಮ ಒಳಮುಖವಾಗಿ ಶಂಕುವಿನಾಕಾರದಲ್ಲಿ ಬೆಳೆದು, ಚಪ್ಪಲಿಯೊಳಗೆ ಸೇರಿಕೊಂಡ ಕಲ್ಲಿನಂತೆ ಹೆಜ್ಜೆ ಹೆಜ್ಜೆಗೂ ಚುಚ್ಚುತ್ತದೆ.

ಇಷ್ಟು ಅರ್ಥವಾದರೆ ಮುಂದಿನ ಎಲ್ಲ ಪಾಠಗಳಿಗೂ ಕೀಲಿ ಸಿಕ್ಕಂತೆ. ಆಣಿ ತೆಗೆದರೆ ನೋವು ಇಳಿಯುತ್ತದೆ. ಆ ಬಿಂದುವಿನ ಮೇಲಿನ ಭಾರ ಹಾಗೇ ಉಳಿದರೆ ಆಣಿ ಮತ್ತೆ ಬರುತ್ತದೆ. ಅದಕ್ಕೇ ಯಾವ ಚಿಕಿತ್ಸೆ ಹೇಳಿದರೂ ನಾನು ನನ್ನನ್ನೇ ಕೇಳಿಕೊಳ್ಳುವುದು: ಇದರಿಂದ ಭಾರ ಎಷ್ಟು ಇಳಿಯುತ್ತದೆ?

5. ಬಿಡಿಸುವಾಗ ರಕ್ತ ಬರಬಾರದು

ಆಣಿಯನ್ನು ಬುಡಸಮೇತ ಬಿಡಿಸುವುದಕ್ಕೆ ಇಲ್ಲಿ ಹಲ್ಲಿಂಗ್ ಎನ್ನುತ್ತಾರೆ. ಮೆತ್ತೆಯನ್ನು ಹತ್ತು ನಿಮಿಷ ಒದ್ದೆ ಬಟ್ಟೆ ಸುತ್ತಿ ಮೆದು ಮಾಡಿಕೊಳ್ಳುತ್ತೇನೆ. ನಾಯಿ ಪಕ್ಕಕ್ಕೆ ಮಲಗಿ ಮನೆಯವರ ತೊಡೆಯ ಮೇಲೆ ತಲೆ ಇಟ್ಟಿರುತ್ತದೆ. ಹಲವಕ್ಕೆ ಅರಿವಳಿಕೆ ಬೇಕಾಗುವುದಿಲ್ಲ. ಸ್ಕಾಲ್ಪೆಲ್ಲಿನಿಂದ ಮೇಲಿನ ಸತ್ತ ಪದರ ಸವರಿದ ಮೇಲೆ, ದಂತವೈದ್ಯರು ಬಳಸುವ ಮೊಂಡು ಅಂಚಿನ ಎಲಿವೇಟರನ್ನು ವೃತ್ತದ ಅಂಚಿಗೆ ಇಟ್ಟು ಸುತ್ತಲೂ ನಿಧಾನಕ್ಕೆ ಒತ್ತುತ್ತೇನೆ. ಆಣಿಗೂ ಒಳ್ಳೆಯ ಚರ್ಮಕ್ಕೂ ನಡುವೆ ಒಂದು ಸಂದು ಇದೆ. ಉಪಕರಣ ಆ ಸಂದಿಗೆ ಬಿದ್ದಾಗ ಕೈಗೇ ಗೊತ್ತಾಗುತ್ತದೆ. ಬಲ ಹಾಕುವ ಅಗತ್ಯ ಇರುವುದಿಲ್ಲ. ಸ್ವಲ್ಪ ಹೊತ್ತಿಗೆ ತುದಿ ಚೂಪಾದ, ಹಳದಿ ಬೂದು ಬಣ್ಣದ ಗಡಸು ಮೊಳೆ ಇಡಿಯಾಗಿ ಹೊರಬರುತ್ತದೆ. ಕೆಳಗೆ ಗುಲಾಬಿ ಬಣ್ಣದ ನಯವಾದ ಕುಳಿ ಉಳಿಯುತ್ತದೆ.

ರಕ್ತ ಜಿನುಗಿದರೆ ಸಂದು ತಪ್ಪಿ ಜೀವಚರ್ಮಕ್ಕೆ ಇಳಿದಿದ್ದೇವೆ ಎಂದರ್ಥ. ಅಲ್ಲಿಗೇ ನಿಲ್ಲಿಸಬೇಕು. ಸರಿಯಾಗಿ ಬಿಡಿಸಿದರೆ ಎಷ್ಟೋ ನಾಯಿಗಳು ಅದೇ ಜಲ್ಲಿಯ ಮೇಲೆ ನೆಟ್ಟಗೆ ನಡೆದು ಕಾರು ಹತ್ತುತ್ತವೆ. ಮನೆಯವರ ಕಣ್ಣಲ್ಲಿ ನೀರು ಬರುವುದೂ ಉಂಟು. ಆ ಸಂತೋಷದ ನಡುವೆಯೇ ಹೇಳಿಬಿಡಬೇಕು: ಕೆಲವು ವಾರಗಳಲ್ಲಿ ಮತ್ತೆ ಬರಬೇಕಾಗುತ್ತದೆ.

6. ವಾರದ ಆರೈಕೆ ಮನೆಯವರ ಕೈಯಲ್ಲಿ

ಒಂದು ಹಲ್ಲಿಂಗಿಗೂ ಮುಂದಿನದಕ್ಕೂ ನಡುವಿನ ಅಂತರ ಉದ್ದವಾಗುವುದು ಮನೆಯ ಆರೈಕೆಯಿಂದ. ವಾರಕ್ಕೆ ಒಂದೆರಡು ಸಲ ಮೆತ್ತೆ ನೆನೆಸಿ, ಗಟ್ಟಿಯಾಗುತ್ತಿರುವ ಮೇಲ್ಪದರವನ್ನು ಉಗುರು ಉಜ್ಜುವ ಫೈಲಿನಿಂದಲೋ ನಯವಾದ ಸ್ಯಾಂಡ್‌ಪೇಪರಿನಿಂದಲೋ ಉಜ್ಜಿ. ಸುತ್ತಲಿನ ಮೆತ್ತೆಯ ಮಟ್ಟಕ್ಕೆ ಬಂದರೆ ಸಾಕು; ಕುಳಿ ತೋಡುವುದು ಬೇಡ. ಬ್ಲೇಡನ್ನು ಮನೆಯವರ ಕೈಗೆ ನಾನು ಕೊಡುವುದಿಲ್ಲ. ಆಮೇಲೆ ಸುವಾಸನೆ ಇಲ್ಲದ, ನಾಯಿಗಳಿಗೆಂದೇ ಮಾಡಿದ ಮೆತ್ತೆಯ ಮುಲಾಮು ಹಚ್ಚಿ, ಅದು ಇಂಗುವ ತನಕ ಹಳೆಯ ಕಾಲುಚೀಲ ಹಾಕಿ ಕೂರಿಸಿ.

ಉಗುರು ಮರೆಯಬೇಡಿ. ಉದ್ದ ಉಗುರು ನೆಲಕ್ಕೆ ತಾಗಿದಾಗ ಬೆರಳು ಕೂರುವ ಕೋನ ಬದಲಾಗಿ ಮೆತ್ತೆಯ ಮೇಲಿನ ಒತ್ತಡವೂ ಬದಲಾಗುತ್ತದೆ. ತೂಕವೂ ಅಷ್ಟೇ ಮುಖ್ಯ. ನಿವೃತ್ತಿಯ ಮೇಲೆ ಬಿಸ್ಕತ್ತಿನಿಂದ ಸೇರಿದ ಎರಡು ಮೂರು ಕಿಲೋ ನೇರವಾಗಿ ಆ ನಾಲ್ಕು ಬೆರಳುಗಳ ಮೇಲೇ ಕೂರುತ್ತದೆ.

7. ಮನುಷ್ಯರ ಮದ್ದು ಮನುಷ್ಯರಿಗೇ ಇರಲಿ

ಉಡುಪಿ ಕಡೆಯ ಒಬ್ಬ ಗೃಹಿಣಿ ತಮ್ಮ ಗ್ರೇಹೌಂಡನ್ನು ಕರೆತಂದಿದ್ದರು. ಪರೀಕ್ಷೆ ಮುಗಿದ ಮೇಲೆ ದನಿ ತಗ್ಗಿಸಿ ಕೇಳಿದರು: "ಡಾಕ್ಟ್ರೇ, ಊರಲ್ಲಿ ನಮ್ಮಮ್ಮನ ಕಾಲಾಣಿಗೆ ಗೇರೆಣ್ಣೆ ಹಚ್ಚುತ್ತಿದ್ದೆವು. ಇವನಿಗೂ ಎರಡು ಹನಿ ಹಚ್ಚಬಹುದಾ?"

"ಬೇಡಮ್ಮ. ನಿಮ್ಮಮ್ಮ ತಮ್ಮ ಕಾಲು ನೆಕ್ಕುತ್ತಿರಲಿಲ್ಲ. ಇವನು ನೆಕ್ಕುತ್ತಾನೆ."

ಅವರು ನಕ್ಕರು, ಆದರೆ ಕಾರಣ ಅದೇ. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನೇ ಸುಡುತ್ತದೆ, ನಾಲಿಗೆಯನ್ನೂ ಬಿಡುವುದಿಲ್ಲ. ಮೆಡಿಕಲ್ ಶಾಪಿನ ಕಾರ್ನ್ ಕ್ಯಾಪ್‌ನಲ್ಲಿ ಇರುವುದು ಸ್ಯಾಲಿಸಿಲಿಕ್ ಆಮ್ಲ. ಅದು ಆಣಿಯನ್ನೂ ಪಕ್ಕದ ಒಳ್ಳೆಯ ಮೆತ್ತೆಯನ್ನೂ ಒಂದೇ ಸಮ ಕರಗಿಸುತ್ತದೆ. ಹೊಟ್ಟೆಗೆ ಹೋದರೆ ಹುಣ್ಣು ಮಾಡುತ್ತದೆ. ಇಂಥ ಔಷಧವನ್ನು ವೈದ್ಯರು ಬಳಸುವುದುಂಟು. ಆಗಲೂ ಪ್ರಮಾಣ ಅಳೆದು, ಪಟ್ಟಿ ಕಟ್ಟಿ, ನೆಕ್ಕದಂತೆ ಕಾದು.

ನೋವಿನ ಮಾತ್ರೆಯದ್ದು ಇನ್ನೂ ದೊಡ್ಡ ಅಪಾಯ. ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ತಂದಿಟ್ಟ ಬ್ರೂಫೆನ್, ಕಾಂಬಿಫ್ಲಾಮ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ತರುತ್ತವೆ, ಮೂತ್ರಪಿಂಡವನ್ನೂ ಕೆಡಿಸುತ್ತವೆ. ನಾಯಿಗಳಿಗೆಂದೇ ಇರುವ ನೋವುನಿವಾರಕಗಳಿವೆ. ಕೇಳಿ ಪಡೆಯಿರಿ.

8. ಬೂಟು ಹೊರಗೆ, ಬರಿಗಾಲು ಒಳಗೆ

ಭಾರ ಹಂಚುವುದಕ್ಕೆ ಇರುವ ಅತಿ ಸುಲಭದ ಉಪಾಯ ಮೆತ್ತನೆ ಅಟ್ಟೆಯ ಬೂಟು. ಗಟ್ಟಿ ರಬ್ಬರಿನ ತೆಳು ಅಟ್ಟೆ ನೀರು ತಡೆಯುತ್ತದೆಯೇ ಹೊರತು ಒತ್ತಡ ತಡೆಯುವುದಿಲ್ಲ. ಬೆರಳಿನಿಂದ ಒತ್ತಿದರೆ ತಗ್ಗುವ ಫೋಮ್ ಒಳಗಿರಬೇಕು. ಗ್ರೇಹೌಂಡಿನ ಪಾದ ಉದ್ದ, ಕಿರಿದು. ಬೇರೆ ತಳಿಯ ಅಳತೆಯ ಬೂಟು ಅದರ ಕಾಲಲ್ಲಿ ತಿರುಗಿಬಿಡುತ್ತದೆ. ಹಾಗಾಗಿ ಕಾಗದದ ಮೇಲೆ ನಾಯಿಯನ್ನು ನಿಲ್ಲಿಸಿ ಪಾದದ ಗೆರೆ ಎಳೆದುಕೊಂಡೇ ಅಂಗಡಿಗೆ ಹೋಗಿ. ಮೊದಲ ವಾರ ದಿನಕ್ಕೆ ಹತ್ತು ನಿಮಿಷ ಸಾಕು. ಬಿಚ್ಚಿದ ಕೂಡಲೇ ಬೆರಳ ಸಂದು ಮತ್ತು ಒಳಬದಿಯ ಮೇಲುಗುರಿನ ಸುತ್ತ ಕೆಂಪಾಗಿದೆಯೇ ನೋಡಿ. ಇವುಗಳ ಚರ್ಮ ತೆಳ್ಳಗಿರುವುದರಿಂದ ಉಜ್ಜಿ ಗಾಯವಾಗುವುದು ಬೇಗ. ಮನೆಯೊಳಗೆ ಬೂಟು ಬೇಡ. ಬೆವರಿ, ನೆನೆದು ಸೋಂಕು ಬರುತ್ತದೆ.

ಬೂಟು ಒಪ್ಪದ ನಾಯಿಗೆ ದಾರಿಯನ್ನೇ ಬದಲಿಸಿ. ಕಾರಿನಲ್ಲಿ ಪಾರ್ಕಿನ ತನಕ ಕರೆದೊಯ್ದು ಹುಲ್ಲಿನ ಮೇಲೆ ಬಿಟ್ಟರೂ ಅದೇ ಫಲ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರುಗಳಲ್ಲಿ ಮನೆಗೆ ಬಂದ ಮೇಲೆ ಪಾದ ತೊಳೆಯಿರಿ. ಉಪ್ಪು ಮೆತ್ತೆಯನ್ನು ಒಣಗಿಸಿ ಬಿರಿಯುವಂತೆ ಮಾಡುತ್ತದೆ.

9. ಶಸ್ತ್ರಚಿಕಿತ್ಸೆಯನ್ನು ಆರಿಸುವಾಗ ಭಾರದ ಲೆಕ್ಕ ಕೇಳಿ

"ಒಂದೇ ಸಲ ಕತ್ತರಿಸಿ ಮುಗಿಸಿಬಿಡಿ" ಎನ್ನುವವರು ಬಹಳ. ಆಣಿಯನ್ನು ಸುತ್ತಲಿನ ಚರ್ಮದ ಸಮೇತ ಕತ್ತರಿಸಿ ಹೊಲಿಯಬಹುದು. ಒಳಗೆ ಗಾಜಿನ ಚೂರೋ ಹರಳೋ ಇದ್ದರೆ ಇದರಿಂದ ಕೆಲಸ ಮುಗಿಯುತ್ತದೆ. ಇಲ್ಲದಿದ್ದರೆ ಬಹಳಷ್ಟು ನಾಯಿಗಳಲ್ಲಿ ಅದೇ ಜಾಗದಲ್ಲಿ ಮರಳಿ ಬರುತ್ತದೆ. ಮೇಲೆ ಹೊಲಿಗೆಯ ಗಡಸು ಕಲೆ ಬೇರೆ. ಬೆರಳನ್ನೇ ತೆಗೆದರೆ ಆ ಆಣಿ ಹೋಯಿತು, ಆದರೆ ಅದು ಹೊರುತ್ತಿದ್ದ ಭಾರ ಪಕ್ಕದ ಬೆರಳಿಗೆ ಬಿತ್ತು. ಮುಂದಿನ ಆಣಿ ಅಲ್ಲಿ ಏಳಬಹುದು. ಅದಕ್ಕೇ ಅದು ಕೊನೆಯ ದಾರಿ.

ಈಚಿನ ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂದಿರುವ ವಿಧಾನ ಆಣಿಯನ್ನು ಮುಟ್ಟುವುದೇ ಇಲ್ಲ. ಬೆರಳನ್ನು ಬಾಗಿಸಿ ಹಿಡಿಯುವ ಎರಡು ಸ್ನಾಯುರಜ್ಜುಗಳಲ್ಲಿ ಮೇಲ್ಪದರದ ಒಂದನ್ನು ಚಿಕ್ಕ ಗಾಯದ ಮೂಲಕ ಕತ್ತರಿಸುತ್ತಾರೆ. ಬೆರಳು ಚಪ್ಪಟೆಯಾಗಿ ಮಲಗುತ್ತದೆ, ನೆಲ ಮುಟ್ಟುವ ಬಿಂದು ಜಾರುತ್ತದೆ, ಅದುಮುವಿಕೆ ನಿಂತ ಆಣಿ ಮುಂದಿನ ವಾರಗಳಲ್ಲಿ ತಾನಾಗಿ ಕುಗ್ಗುತ್ತದೆ. ಆಳದ ರಜ್ಜು ಉಳಿದಿರುವುದರಿಂದ ನಾಯಿ ನಡೆಯುತ್ತದೆ, ಓಡುತ್ತದೆ. ಬೆರಳಿನ ಆಕಾರ ತುಸು ಬದಲಾದಂತೆ ಕಾಣುತ್ತದೆ, ಅಷ್ಟೇ. ಎಲ್ಲ ನಾಯಿಗೂ ಇದು ಒಗ್ಗುವುದಿಲ್ಲ. ಪಕ್ಕದ ಬೆರಳುಗಳ ಮೇಲೆ ಕಣ್ಣಿಡಬೇಕು. ಆದರೂ ಹಲ್ಲಿಂಗ್ ಮಾಡಿಸಿ ಮಾಡಿಸಿ ಸೋತ ಮನೆಯವರಿಗೆ ನಾನು ಈಗ ಮೊದಲು ಹೇಳುವುದು ಇದನ್ನೇ.

ಯಾವ ಶಸ್ತ್ರಚಿಕಿತ್ಸೆಯಾದರೂ ವೈದ್ಯರಿಗೆ ಎರಡು ವಿಷಯ ನೆನಪಿಸಿ. ಥಯೋಪೆಂಟೋನ್ ಬಗೆಯ ಅರಿವಳಿಕೆಯಿಂದ ಗ್ರೇಹೌಂಡ್ ಎಚ್ಚರಗೊಳ್ಳುವುದು ಬಹಳ ತಡ, ಬೇರೆ ಔಷಧಗಳಿವೆ. ಇನ್ನೊಂದು, ಮೇಜಿನ ಮೇಲೆ ಚೆನ್ನಾಗಿದ್ದ ಗ್ರೇಹೌಂಡಿನ ಗಾಯದಿಂದ ಒಂದೆರಡು ದಿನದ ನಂತರ ರಕ್ತ ಒಸರಬಹುದು. ಇದು ಈ ತಳಿಯ ರಕ್ತದ ಗುಣ. ಇದನ್ನು ತಡೆಯಲು ಟ್ರಾನೆಕ್ಸಾಮಿಕ್ ಆಮ್ಲ ಬಳಸುವುದು ಇಲ್ಲಿ ರೂಢಿ.

ಗ್ರೇಹೌಂಡಿನಂಥದೇ ಮೈಕಟ್ಟಿನ ಮುಧೋಳ ನಾಯಿ ಸಾಕಿದವರೂ ಈ ಪಾಠಗಳಲ್ಲಿ ಮೊದಲ ಮೂರನ್ನು ನೆನಪಿಟ್ಟುಕೊಳ್ಳಬಹುದು. ಹೊಲದಲ್ಲಿ ಓಡಾಡುವ ನಾಯಿ ಕುಂಟಿದರೆ ಮೊದಲು ಜಾಲಿಮುಳ್ಳು ಹುಡುಕಿ; ಮುಳ್ಳು ಸಿಗದಿದ್ದರೆ, ಗಟ್ಟಿ ನೆಲದಲ್ಲಿ ಮಾತ್ರ ಕುಂಟಿದರೆ, ಮೆತ್ತೆ ಒದ್ದೆ ಮಾಡಿ ನೋಡಿ. ಆಣಿಯೇ ಎಂದು ಖಚಿತವಾದರೆ ಒಂದು ಡೈರಿ ಇಡಿ. ಗಟ್ಟಿ ರಸ್ತೆಯಲ್ಲಿ ಎಷ್ಟು ನಿಮಿಷದ ನಂತರ ಕಾಲೆತ್ತಿತು ಎಂದು ವಾರಕ್ಕೊಮ್ಮೆ ಬರೆದು ವೈದ್ಯರಿಗೆ ತೋರಿಸಿ. ಚಿಕಿತ್ಸೆ ಮುಂದುವರಿಸಬೇಕೋ ಬದಲಿಸಬೇಕೋ ಎಂಬುದನ್ನು ಆಣಿಯ ಗಾತ್ರಕ್ಕಿಂತ ಸರಿಯಾಗಿ ಆ ನಿಮಿಷಗಳು ಹೇಳುತ್ತವೆ.