ರಜೆಯ ದಿನ ತಿಂದ ಸಾಂಬಾರ್

ಪ್ರಶ್ನೆ: ನಮ್ಮದು ಚಿಕ್ಕ ದರ್ಶಿನಿ. ‘ಸೋಮವಾರ ಇಲ್ಲಿ ತಿಂದೆ, ಸಾಂಬಾರಿನಲ್ಲಿ ಜಿರಳೆ ಇತ್ತು’ ಎಂದು ಯಾರೋ ಗೂಗಲ್ ಮ್ಯಾಪ್‌ನಲ್ಲಿ ಒಂದು ಸ್ಟಾರ್ ಕೊಟ್ಟು ಬರೆದಿದ್ದಾರೆ. ಸೋಮವಾರ ನಮಗೆ ವಾರದ ರಜೆ! ಠಾಣೆಯಲ್ಲಿ ಎಫ್‌ಐಆರ್ ಆಗುವುದಿಲ್ಲ ಎನ್ನುತ್ತಾರೆ. ಬೇರೆ ದಾರಿ ಇದೆಯೇ?

ಉತ್ತರ: ಬಾಗಿಲೇ ತೆರೆಯದ ದಿನ ತಿಂದೆನೆಂದು ಬರೆದವರನ್ನು ಪೊಲೀಸರು ಏಕೆ ಹಿಡಿಯುವುದಿಲ್ಲ ಎಂಬ ನಿಮ್ಮ ಗೊಂದಲ ಸಹಜ. ಮಾನನಷ್ಟ ಅಸಂಜ್ಞೇಯ ಅಪರಾಧ. ಹಾಗಾಗಿ ಠಾಣೆಯವರು ತಾವಾಗಿಯೇ ಎಫ್‌ಐಆರ್ ಹಾಕುವಂತಿಲ್ಲ. ಹಿಂದೆ ಇಂಥದ್ದಕ್ಕೆ ಐಟಿ ಕಾಯ್ದೆಯ 66ಎ ಕಲಂ ಬಳಸುತ್ತಿದ್ದರು. ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲೇ ಅದನ್ನು ರದ್ದು ಮಾಡಿದೆ.

ಮೊದಲು ಸಾಕ್ಷ್ಯ. ವಿಮರ್ಶೆ, ಅದರ ದಿನಾಂಕ, ಲಿಂಕ್, ಬರೆದವರ ಪ್ರೊಫೈಲ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಗೂಗಲ್‌ಗೆ ವರದಿ ಮಾಡಿ. ಅಲ್ಲಿ ಕೆಲಸವಾಗದಿದ್ದರೆ ಅವರ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2021ರ ಐಟಿ ನಿಯಮಗಳಂತೆ 24 ಗಂಟೆಯೊಳಗೆ ಸ್ವೀಕೃತಿ ಬರಬೇಕು. ಆದರೆ ಅವರು ಅಳಿಸಲೇಬೇಕೆಂದೇನೂ ಇಲ್ಲ. ಅದಕ್ಕೆ ನ್ಯಾಯಾಲಯದ ಅಥವಾ ಸರ್ಕಾರದ ಆದೇಶ ಬೇಕೆಂದು ಹೇಳಿದ್ದೂ ಅದೇ ಶ್ರೇಯಾ ಸಿಂಘಾಲ್ ತೀರ್ಪು.

ಇನ್ನು ಕೋರ್ಟು. ಸಿವಿಲ್ ದಾವೆಯಲ್ಲಿ ಪರಿಹಾರವನ್ನೂ ತಡೆಯಾಜ್ಞೆಯನ್ನೂ ಕೇಳಬಹುದು. ಬರೆದವರು ಯಾರೆಂದೇ ತಿಳಿಯದು ಎನ್ನುವಿರೇನೋ. ಅಂಥ ಅನಾಮಿಕ ಪ್ರತಿವಾದಿಗೆ ನಮ್ಮ ಕೋರ್ಟುಗಳು ‘ಅಶೋಕ್ ಕುಮಾರ್’ ಎಂಬ ಹೆಸರನ್ನೇ ಇಟ್ಟುಕೊಂಡಿವೆ! ಖಾತೆಯ ವಿವರ ಕೊಡುವಂತೆ ಗೂಗಲ್‌ಗೆ ಆದೇಶಿಸಲು ಕೋರಬಹುದು. ವಿಮರ್ಶೆ ಪ್ರಕಟವಾದ ಒಂದು ವರ್ಷದೊಳಗೆ ದಾವೆ ಹೂಡಬೇಕು. ಕೇಳುವ ಪರಿಹಾರ ದೊಡ್ಡದಾದಷ್ಟೂ ಕೋರ್ಟ್ ಶುಲ್ಕ ಏರುತ್ತದೆ, ನೆನಪಿರಲಿ. ಬರೆದವರ ಗುರುತು ಸಿಕ್ಕರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಗೆ ಖಾಸಗಿ ದೂರು ಕೊಡಬಹುದು. ಶಿಕ್ಷೆ ಎರಡು ವರ್ಷದವರೆಗೆ ಸಾದಾ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ. ಸಮುದಾಯ ಸೇವೆಯೂ ಆಗಬಹುದು.

ಹಲವರು ಎಡವುವುದು ಒಂದು ಕಡೆ: ಕೆಟ್ಟ ವಿಮರ್ಶೆಯೆಲ್ಲ ಸುಳ್ಳು ವಿಮರ್ಶೆಯಲ್ಲ. ‘ಸಾಂಬಾರ್ ಸಪ್ಪೆ, ಕ್ಯಾಷಿಯರ್ ಸಿಡುಕ’ ಎಂದರೆ ಅದು ಗ್ರಾಹಕರ ಅಭಿಪ್ರಾಯ. ಅದಕ್ಕೆ ಕೋರ್ಟು ಹತ್ತಿ ಪ್ರಯೋಜನವಿಲ್ಲ. ‘ಜಿರಳೆ ಇತ್ತು’ ಎಂಬುದು ನಿಜವೋ ಸುಳ್ಳೋ ಎಂದು ಪರೀಕ್ಷಿಸಬಹುದಾದ ಮಾತು. ನಿಮ್ಮ ಕೈ ಬಲವಾಗಿರುವುದು ಅಲ್ಲೇ.

ನನ್ನನ್ನು ಕೇಳಿದರೆ, ವಕೀಲರ ನೋಟಿಸಿಗೂ ಮೊದಲು ಆ ವಿಮರ್ಶೆಯ ಕೆಳಗೇ ‘ಸೋಮವಾರ ನಮಗೆ ರಜೆ, ಬೇರೆ ಹೋಟೆಲ್ ಇರಬಹುದೇ?’ ಎಂದು ಉತ್ತರ ಬರೆಯಿರಿ. ಬೈಯಬೇಡಿ, ಬೈದರೆ ಮಾನನಷ್ಟದ ದಾವೆ ನಿಮ್ಮ ಮೇಲೆಯೇ ಬಂದೀತು. ಆ ಸೋಮವಾರದ ಸಿಸಿಟಿವಿ ದೃಶ್ಯ ಮತ್ತು ಯುಪಿಐ ಲೆಕ್ಕ ಇವತ್ತೇ ಪ್ರತಿ ಮಾಡಿಕೊಳ್ಳಿ, ಹಳೆಯ ದೃಶ್ಯಗಳು ಕೆಲವೇ ವಾರಗಳಲ್ಲಿ ಅಳಿಸಿಹೋಗುತ್ತವೆ.