ಗನ್ ಬದಲಾದಾಗ ಆಟಗಾರ ಯಾಕೆ ಸಿಡಿಯುತ್ತಾನೆ: ಸಮತೋಲನದ ಕೆಲಸ ಕಲಿಸಿದ್ದು

ಆನ್‌ಲೈನ್ ಶೂಟರ್ ಆಟಗಳಲ್ಲಿ ಯಾವ ಗನ್ ಎಷ್ಟು ಜೋರಾಗಿರಬೇಕು, ಎಷ್ಟು ಗುಂಡು ಹಿಡಿಸಬೇಕು, ಎಷ್ಟು ಒದೆಯಬೇಕು ಎಂದು ಕೂತು ತೀರ್ಮಾನಿಸುವ ಮಂದಿ ಇರುತ್ತಾರೆ. ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ನಾನು ಮಾಡುವುದು ಅದೇ ಕೆಲಸ. ಆಗಾಗ ಒಂದು ಪ್ಯಾಚ್ ಹೊರಡುತ್ತದೆ. ಒಂದು ಗನ್ ನರ್ಫ್ ಆಗಿ ಬಲ ಕಳೆದುಕೊಳ್ಳುತ್ತದೆ, ಇನ್ನೊಂದು ಬಫ್ ಆಗಿ ಬಲ ಪಡೆಯುತ್ತದೆ, ಮಾರನೆಯ ಬೆಳಿಗ್ಗೆ ದೂರುಗಳ ಸುರಿಮಳೆ.

ಈ ಕೆಲಸಕ್ಕೆ ಹೊಸದಾಗಿ ಬರುವವರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ಇಷ್ಟು ಲೆಕ್ಕ ಹಾಕಿ ಬದಲಾಯಿಸಿದರೂ ಜನ ಯಾಕೆ ಹೀಗೆ ಉರಿದುಬೀಳುತ್ತಾರೆ? ಹೊರಗಿನವರು ಅದನ್ನು ಹುಡುಗಾಟದ ಸಿಟ್ಟು ಎಂದು ತಳ್ಳಿಹಾಕುತ್ತಾರೆ. ಆ ಸಿಟ್ಟನ್ನು ಓದುತ್ತಲೇ ಕೆಲಸ ಕಲಿತವನು ನಾನು. ಎಲ್ಲಿ ನೋಯುತ್ತಿದೆ ಎಂದು ಆಟಗಾರ ಹೇಳಿದರೆ ಅದು ಬಹುಪಾಲು ನಿಜವೇ ಆಗಿರುತ್ತದೆ. ಅವನು ಹೇಳುವ ಮದ್ದು ಸರಿ ಇರಬಹುದು, ಇಲ್ಲದಿರಬಹುದು. ಕೆಳಗಿನ ಪಾಠಗಳೆಲ್ಲ ಹುಟ್ಟಿದ್ದು ಅಲ್ಲಿಂದ.

1. ಡ್ಯಾಮೇಜ್ ನೋಡುವ ಮುನ್ನ ಗುಂಡು ಎಣಿಸಿ

ಎದುರಾಳಿಗೆ 100 ಹೆಲ್ತ್ ಇದೆ ಎಂದುಕೊಳ್ಳಿ. ಒಂದು ಗುಂಡಿಗೆ 34 ಡ್ಯಾಮೇಜ್ ಇದ್ದರೆ ಮೂರು ಗುಂಡಿಗೆ ಅವನು ಬೀಳುತ್ತಾನೆ. ಅದನ್ನು 33 ಮಾಡಿ. ಮೂರು ಗುಂಡು ತಗುಲಿದರೂ 1 ಹೆಲ್ತ್ ಉಳಿದು, ನಾಲ್ಕನೆಯ ಗುಂಡು ಬೇಕಾಗುತ್ತದೆ. ನಿಮಿಷಕ್ಕೆ 600 ಗುಂಡು ಹಾರಿಸುವ ಗನ್ನಿನಲ್ಲಿ ಎರಡು ಗುಂಡುಗಳ ನಡುವಿನ ಅಂತರ 0.1 ಸೆಕೆಂಡ್. ಅಂದರೆ 0.2 ಸೆಕೆಂಡಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ 0.3 ಸೆಕೆಂಡ್. ಕಾಗದದ ಮೇಲೆ ಇಳಿಸಿದ್ದು ಒಂದೇ ಒಂದು ಅಂಕಿ, ಆಟದಲ್ಲಿ ಹಿಡಿಯುವ ಸಮಯ ಒಂದೂವರೆ ಪಟ್ಟು. ಎದುರಿನವನು ತಿರುಗಿ ಹೊಡೆಯಲು ಅಷ್ಟು ಸಾಕು.

ಇದರ ಉಲ್ಟಾ ಕೂಡ ನಡೆಯುತ್ತದೆ. 40 ಇದ್ದ ಡ್ಯಾಮೇಜನ್ನು 35ಕ್ಕೆ ಇಳಿಸಿದರೆ ಓದುವವರಿಗೆ ದೊಡ್ಡ ಹೊಡೆತದಂತೆ ಕಾಣುತ್ತದೆ. ಮುಂಚೆಯೂ ಮೂರು ಗುಂಡು, ಈಗಲೂ ಮೂರೇ. ಆದರೂ ಜನ ಗನ್ ಸತ್ತಿತು ಎಂದು ಬರೆಯುತ್ತಾರೆ. ಅಂಥ ದೂರು ಬಂದಾಗ ನಗಬಾರದು. ಎದುರಾಳಿಗೆ ರಕ್ಷಾಕವಚ ಇದ್ದಾಗ, ಗುಂಡು ಕಾಲಿಗೆ ತಗುಲಿದಾಗ, ದೂರದಿಂದ ಹೊಡೆದಾಗ ಎಷ್ಟು ಗುಂಡು ಬೇಕಾಗುತ್ತದೆ ಎಂದು ಇನ್ನೊಮ್ಮೆ ಎಣಿಸಬೇಕು. ಆ ಮೂರರಲ್ಲಿ ಎಲ್ಲೋ ಒಂದು ಕಡೆ ಒಂದು ಗುಂಡು ಹೆಚ್ಚಾಗಿರುತ್ತದೆ, ದೂರು ಕೊಟ್ಟವನಿಗೆ ಅದು ನಮಗಿಂತ ಮೊದಲೇ ಗೊತ್ತಾಗಿರುತ್ತದೆ.

2. ಪಳಗಿದ ಕೈಗೆ ಬೆಲೆ ಕೊಡಿ

ಧಾರವಾಡ ಕಡೆಯ ಒಬ್ಬ ಹುಡುಗ ನಮಗೆ ಬರೆದಿದ್ದ: ‘ಸರ್, ಈ ಗನ್ ಕೈಗೆ ಹತ್ತಾಕ ನನಗ ಎರಡು ತಿಂಗಳು ಬೇಕಾತು. ನೀವು ಒಂದ ರಾತ್ರ್ಯಾಗ ತಗದ್ರಿ. ನಾನೇನು ತಪ್ಪು ಮಾಡೀನ್ರಿ?’ ನರ್ಫ್ ಬಗ್ಗೆ ನಾನು ಓದಿದ್ದರಲ್ಲಿ ಇಷ್ಟು ಸ್ಪಷ್ಟವಾದ ಮಾತು ಇನ್ನೊಂದಿಲ್ಲ.

ಕೌಂಟರ್-ಸ್ಟ್ರೈಕ್ ಆಡುವವರು ಎಕೆ-47 ಗನ್ನನ್ನು ಖಾಲಿ ಗೋಡೆಗೆ ಹೊಡೆದು ಹೊಡೆದು ಅದರ ರೀಕಾಯಿಲ್ ಕಲಿಯುತ್ತಾರೆ. ಗುಂಡುಗಳು ಮೊದಲು ಮೇಲಕ್ಕೆ, ಆಮೇಲೆ ಪಕ್ಕಕ್ಕೆ ಹೋಗುವ ದಾರಿ ಗೊತ್ತಾದ ಮೇಲೆ ಮೌಸನ್ನು ಅದಕ್ಕೆ ವಿರುದ್ಧವಾಗಿ ಎಳೆಯುವುದು ರೂಢಿಯಾಗುತ್ತದೆ. ಮೃದಂಗದವನಿಗೆ ಪಾಠ ಕೂತಂತೆ ಇದೂ ಬೆರಳಿಗೆ ಕೂರುತ್ತದೆ. ಆ ದಾರಿಯನ್ನೇ ಬದಲಾಯಿಸಿದರೆ ಗನ್ನಿನ ಜತೆ ಕಲಿತವನ ಶ್ರಮವೂ ಹೋಯಿತು.

ಹಾಗಾಗಿ ಒಂದು ಗನ್ನನ್ನು ತಗ್ಗಿಸಲೇಬೇಕಾದರೆ ಕಲಿತ ವಿದ್ಯೆಗೆ ಪೆಟ್ಟು ಬೀಳದ ಜಾಗ ಹುಡುಕಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. 2022ರ ನವೆಂಬರಿನಲ್ಲಿ ಕೌಂಟರ್-ಸ್ಟ್ರೈಕ್ ಮಾಡುವ ವಾಲ್ವ್ ಕಂಪನಿ ಆ ಆಟದ ಎಡಬ್ಲ್ಯೂಪಿ ಸ್ನೈಪರ್‌ನ ಮ್ಯಾಗಜೀನನ್ನು 10 ಗುಂಡಿನಿಂದ 5ಕ್ಕೆ ಇಳಿಸಿತು. ಗುರಿ ಅದೇ, ಹೊಡೆತ ಅದೇ. ಸುಮ್ಮನೆ ಗುಂಡು ಚೆಲ್ಲುವವನಿಗೆ ಮಾತ್ರ ಬಿಸಿ ಮುಟ್ಟಿತು. ಹೇಲೋ 3 ಆಟ ಮಾಡುವಾಗ ಸ್ನೈಪರ್ ರೈಫಲ್‌ನ ಎರಡು ಗುಂಡುಗಳ ನಡುವಿನ ಅಂತರವನ್ನು 0.5 ಸೆಕೆಂಡಿನಿಂದ 0.7ಕ್ಕೆ ಏರಿಸಿದ್ದರು. ಆ ಒಂದೇ ಅಂಕಿಯ ಮೇಲೆ ವಿನ್ಯಾಸಕ ಜೇಮಿ ಗ್ರೀಸೆಮರ್ 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಇಡೀ ಒಂದು ಉಪನ್ಯಾಸ ಕೊಟ್ಟರು. ಮೊದಲ ಗುಂಡನ್ನು ಸರಿಯಾಗಿ ಇಟ್ಟವನು ಇದರಿಂದ ಕಳೆದುಕೊಳ್ಳುವುದು ಏನೂ ಇಲ್ಲ, ತಪ್ಪಿದವನು ಸ್ವಲ್ಪ ಹೊತ್ತು ಕಾಯಬೇಕು. ನ್ಯಾಯ ಅನಿಸುವ ನರ್ಫ್ ಹೀಗಿರುತ್ತದೆ.

3. ಎಲ್ಲರೂ ಒಂದೇ ಗನ್ ಹಿಡಿದಿದ್ದರೆ, ಅದರ ಎದುರು ಏನಿದೆ ನೋಡಿ

ಸ್ಟಾಕ್‌ಹೋಮಿನ ಆ್ಯರೋಹೆಡ್ ಸ್ಟುಡಿಯೋ ಮಾಡಿದ ಹೆಲ್‌ಡೈವರ್ಸ್ 2 ಆಟ 2024ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ನಾಲ್ವರು ಗೆಳೆಯರು ಸೇರಿ ಹುಳುಗಳ ಮತ್ತು ಯಂತ್ರಗಳ ದಂಡಿನ ಮೇಲೆ ಹೋರಾಡುವ ಆಟ ಅದು. ಕೆಲವೇ ವಾರಗಳಲ್ಲಿ ಕಷ್ಟದ ಹಂತಗಳಲ್ಲಿ ಎಲ್ಲರ ಕೈಯಲ್ಲೂ ರೈಲ್‌ಗನ್, ಬ್ರೇಕರ್ ಶಾಟ್‌ಗನ್, ಬೆನ್ನಿಗೆ ಶೀಲ್ಡ್. ಮಾರ್ಚ್ ಮೊದಲ ವಾರ ಬಂದ ಪ್ಯಾಚ್ ಮೂರನ್ನೂ ತಗ್ಗಿಸಿತು. ಬ್ರೇಕರ್‌ನ ಮ್ಯಾಗಜೀನ್ 16ರಿಂದ 13ಕ್ಕೆ ಇಳಿದು ರೀಕಾಯಿಲ್ ಏರಿತು, ರೈಲ್‌ಗನ್‌ಗೆ ಕವಚ ಸೀಳುವ ಶಕ್ತಿ ಕುಗ್ಗಿತು.

ಆಟಗಾರರು ಸಿಡಿದೆದ್ದರು. ಅವರ ಮಾತನ್ನು ಗಮನವಿಟ್ಟು ಓದಿದರೆ ಬೇರೆಯೇ ಒಂದು ದೂರು ಕೇಳಿಸುತ್ತಿತ್ತು. ಚಾರ್ಜರ್ ಎಂಬ ದೊಡ್ಡ ಹುಳು ಮೈಯೆಲ್ಲ ಕವಚ ಹೊತ್ತು ಓಡಿ ಬರುತ್ತದೆ. ಕಷ್ಟದ ಹಂತದಲ್ಲಿ ಅವು ಒಂದರ ಹಿಂದೆ ಒಂದು ಬರುತ್ತಿದ್ದವು. ಅಷ್ಟು ಸಂಖ್ಯೆಯನ್ನು ನಿಭಾಯಿಸಲು ಕೈಗೆ ಸಿಕ್ಕಿದ್ದು ರೈಲ್‌ಗನ್. ಉಳಿದ ಆಯುಧಗಳಿಂದ ಆ ಕೆಲಸ ಆಗದ ಕಾರಣಕ್ಕೇ ಎಲ್ಲರೂ ಅದನ್ನು ಹಿಡಿದಿದ್ದರು. ಅದನ್ನು ಕಿತ್ತುಕೊಂಡಾಗ ಹುಳುಗಳು ಮಾತ್ರ ಅಷ್ಟೇ ಉಳಿದವು. ಆ ಬಳಿಕ ಅದೇ ತಿಂಗಳು ಇನ್ನೊಂದು ಪ್ಯಾಚ್ ಬಂದು ಚಾರ್ಜರ್‌ನ ತಲೆಯನ್ನು ಮೆದು ಮಾಡಿತು. ರಾಕೆಟ್ ಒಂದು ಸರಿಯಾಗಿ ತಲೆಗೆ ಬಿದ್ದರೆ ಅದು ಸಾಯುವಂತಾಯಿತು. ಆಗ ಜನ ತಾವಾಗಿಯೇ ರಾಕೆಟ್ ಎತ್ತಿಕೊಂಡರು.

ಪಿಕ್ ರೇಟ್, ಅಂದರೆ ಒಂದು ಗನ್ನನ್ನು ಆರಿಸಿಕೊಳ್ಳುವವರ ಪ್ರಮಾಣ, ಏರಿದ್ದನ್ನು ಕಂಡ ಕೂಡಲೇ ಆ ಗನ್ ಮೇಲೆ ಕೈ ಹಾಕುವ ಆಸೆ ಪ್ರತಿ ಸ್ಟುಡಿಯೋದಲ್ಲೂ ಇರುತ್ತದೆ. ಜನ ಅದನ್ನು ಆರಿಸಿಕೊಳ್ಳುತ್ತಿರುವುದು ಖುಷಿಯಿಂದಲೋ ಗತಿಯಿಲ್ಲದೆಯೋ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಹತ್ತು ಜನರ ಪಕ್ಕ ಕೂತು ಅವರು ಆಡುವುದನ್ನು ನೋಡಿದರೆ ಗೊತ್ತಾಗುತ್ತದೆ. ಗನ್ನಿನ ಬೆಲೆಯೂ ಇಂಥದೇ ಹೊರಗಿನ ಕಾರಣ. ಕೌಂಟರ್-ಸ್ಟ್ರೈಕ್‌ನಲ್ಲಿ ಎಸ್‌ಜಿ 553 ಎಂಬ ರೈಫಲ್ಲನ್ನು ಬಹುಕಾಲ ಯಾರೂ ಮೂಸಿ ನೋಡುತ್ತಿರಲಿಲ್ಲ. 2018ರಲ್ಲಿ ಅದರ ಬೆಲೆಯನ್ನು ಆಟದೊಳಗಿನ ಹಣದಲ್ಲಿ 3000 ಡಾಲರಿನಿಂದ 2750ಕ್ಕೆ ಇಳಿಸಿದರು. 2019ರ ಹೊತ್ತಿಗೆ ವೃತ್ತಿಪರ ಪಂದ್ಯಗಳಲ್ಲಿ ಎಲ್ಲೆಲ್ಲೂ ಅದೇ.

4. ಎದುರಾಳಿ ಯಂತ್ರವಾದರೆ ನ್ಯಾಯದ ಲೆಕ್ಕವೇ ಬೇರೆ

ಮನುಷ್ಯರ ಮೇಲೆ ಮನುಷ್ಯರು ಆಡುವ ಆಟದಲ್ಲಿ ಒಬ್ಬನ ಗನ್ ಅತಿಯಾದರೆ ಇನ್ನೊಬ್ಬನಿಗೆ ಅನ್ಯಾಯ. ಅಲ್ಲಿ ನರ್ಫ್ ಮಾಡುವುದು ಕರ್ತವ್ಯ. ಗೆಳೆಯರೆಲ್ಲ ಒಂದೇ ಪಕ್ಷದಲ್ಲಿ ನಿಂತು ಕಂಪ್ಯೂಟರ್ ನಡೆಸುವ ಎದುರಾಳಿಗಳನ್ನು ಹೊಡೆಯುವ ಆಟದಲ್ಲಿ ಯಾರಿಗೆ ಅನ್ಯಾಯ? ‘ನಾನು ಖುಷಿಯಾಗಿದ್ದರೆ ನಿಮಗೇನು ಕಷ್ಟ?’ ಎಂದು ಕೇಳುವ ಆಟಗಾರನಿಗೆ ಕೊಡಲು ಒಳ್ಳೆಯ ಉತ್ತರ ಇರಬೇಕು. ಒಂದೇ ಗನ್ನಿನಿಂದ ಎಲ್ಲ ಮುಗಿದರೆ ಆಟ ಬೇಗ ಸಪ್ಪೆಯಾಗುತ್ತದೆ ಎನ್ನುವುದು ನಿಜ. ಅಂಥ ಕಡೆ ಉಳಿದ ಗನ್‌ಗಳನ್ನು ಮೇಲೆತ್ತುವುದು ಮೊದಲ ಹೆಜ್ಜೆ ಆಗಬೇಕು, ಚೆನ್ನಾಗಿರುವುದನ್ನು ಕೆಳಗಿಳಿಸುವುದು ಕೊನೆಯದು.

ಹೆಲ್‌ಡೈವರ್ಸ್ 2 ಇದನ್ನು ಅದೇ ವರ್ಷ ಮತ್ತೊಮ್ಮೆ ಕಂಡಿತು. ಆಗಸ್ಟ್ ತಿಂಗಳ ದೊಡ್ಡ ಅಪ್‌ಡೇಟ್‌ನಲ್ಲಿ ಬೆಂಕಿ ಉಗುಳುವ ಆಯುಧಗಳ ಜ್ವಾಲೆ ಕವಚಕ್ಕೆ ತಾಗಿ ಹಿಂದೆ ಸರಿಯುವಂತಾಯಿತು. ಚಾರ್ಜರ್‌ನ ಕಾಲಿಗೆ ಬೆಂಕಿ ಹಿಡಿದು ಕೊಲ್ಲುತ್ತಿದ್ದ ಉಪಾಯ ಅಲ್ಲಿಗೆ ಮುಗಿಯಿತು. ಅದೇ ವಾರ ಬೆಂಕಿಯ ಆಯುಧಗಳದ್ದೇ ಒಂದು ಹೊಸ ಕಟ್ಟು ಮಾರಾಟಕ್ಕೆ ಬಂತು. ಆಸೆಪಟ್ಟು ಕೊಂಡವರ ಮನಸ್ಸನ್ನು ಊಹಿಸಿಕೊಳ್ಳಿ. ವಿರೋಧ ಎಷ್ಟಾಯಿತೆಂದರೆ ಸ್ಟುಡಿಯೋ ಮುಂದೆ ಬಂದು 60 ದಿನಗಳಲ್ಲಿ ಸರಿಪಡಿಸುತ್ತೇವೆ ಎಂದು ಯೋಜನೆ ಪ್ರಕಟಿಸಿತು. ಸೆಪ್ಟೆಂಬರ್ 17ರ ಪ್ಯಾಚ್‌ನಲ್ಲಿ ಬಹಳಷ್ಟು ಆಯುಧಗಳು ಬಲಗೊಂಡವು, ರೈಲ್‌ಗನ್ ಸಹಿತ. ಸಿಟ್ಟಾಗಿದ್ದವರು ಮರಳಿ ಬಂದು ಮೆಚ್ಚಿ ಬರೆದರು. ಅಷ್ಟು ಜನ ಅಷ್ಟು ಕಾಲ ಸಿಟ್ಟಾಗಿಯೇ ಉಳಿದದ್ದು ಆ ಆಟದ ಮೇಲಿನ ಪ್ರೀತಿಗೆ ಎಂದು ನಾನು ನಂಬಿದ್ದೇನೆ.

5. ಸರಾಸರಿಯ ಹಿಂದೆ ಊರುಗಳಿವೆ

ಒಂದೇ ಗನ್ ಕೆಳಗಿನ ರ‍್ಯಾಂಕ್‌ನಲ್ಲಿ ರಾಕ್ಷಸ, ಮೇಲಿನ ರ‍್ಯಾಂಕ್‌ನಲ್ಲಿ ಆಟಿಕೆ ಆಗಿರಬಹುದು. ಇದು ಎಲ್ಲರಿಗೂ ಗೊತ್ತು. ನೆಟ್‌ವರ್ಕ್ ಮಾಡುವ ವ್ಯತ್ಯಾಸ ಅಷ್ಟು ಗೊತ್ತಿಲ್ಲ.

ಬೆಂಗಳೂರಿನಲ್ಲಿ ಫೈಬರ್ ಹಾಕಿಸಿಕೊಂಡವನಿಗೆ ಪಿಂಗ್, ಅಂದರೆ ಸರ್ವರ್‌ಗೆ ಸಂದೇಶ ಹೋಗಿ ಬರಲು ಹಿಡಿಯುವ ಸಮಯ, 30 ಮಿಲಿಸೆಕೆಂಡಿನ ಆಸುಪಾಸು ಸಿಗಬಹುದು. ಶಿರಸಿಯ ಒಳಹಳ್ಳಿಯಲ್ಲಿ ಮೊಬೈಲ್ ಡೇಟಾ ಮೇಲೆ ಆಡುವವನಿಗೆ ಅದು 120 ದಾಟುವುದುಂಟು. ಹೆಚ್ಚಿನ ಶೂಟರ್‌ಗಳಲ್ಲಿ, ಗುಂಡು ಹಾರಿಸಿದವನ ಪರದೆಯಲ್ಲಿ ಆ ಕ್ಷಣ ಏನು ಕಂಡಿತ್ತು ಎಂಬುದನ್ನು ಸರ್ವರ್ ಹಿಂದಕ್ಕೆ ಹೋಗಿ ಪರಿಶೀಲಿಸುತ್ತದೆ. ಮೂಲೆಯಿಂದ ಥಟ್ಟನೆ ಹೊರಬಂದವನು ಎದುರಿನವನನ್ನು ಮೊದಲು ಕಾಣುತ್ತಾನೆ, ಕಾಯುತ್ತಿದ್ದವನಿಗೆ ಅವನು ಕಾಣುವುದು ಒಂದಿಷ್ಟು ತಡವಾಗಿ. ಹೀಗಾಗಿ ‘ಗೋಡೆ ಹಿಂದೆ ಬಂದ ಮೇಲೂ ಸತ್ತೆ’ ಎಂಬ ದೂರು ಸುಳ್ಳಲ್ಲ. ಓಟದ ವೇಗ ಸ್ವಲ್ಪ ಏರಿಸಿದರೂ, ಹೊಡೆದು ಕೊಲ್ಲುವ ಸಮಯ ಸ್ವಲ್ಪ ಇಳಿಸಿದರೂ ಶಿರಸಿಯ ಆ ಆಟಗಾರನಿಗೆ ತಿರುಗಿ ಹೊಡೆಯುವ ಅವಕಾಶವೇ ಹೋಗುತ್ತದೆ. ಇಡೀ ದೇಶದ ಸರಾಸರಿಯಲ್ಲಿ ಅವನು ಕಾಣಿಸುವುದಿಲ್ಲ. ಪಿಂಗ್ ಪ್ರಕಾರ ಬೇರ್ಪಡಿಸಿ ನೋಡದೆ ವೇಗದ ಅಂಕಿಗಳನ್ನು ಮುಟ್ಟಬಾರದು.

6. ಕೈಮೀರಿದ್ದನ್ನು ತಡಮಾಡದೆ ತಿದ್ದಿ

2015ರ ಡಿಸೆಂಬರಿನಲ್ಲಿ ಕೌಂಟರ್-ಸ್ಟ್ರೈಕ್‌ಗೆ ಆರ್8 ರಿವಾಲ್ವರ್ ಬಂತು. 850 ಡಾಲರಿನ ಪಿಸ್ತೂಲು ದುಬಾರಿ ಸ್ನೈಪರ್‌ನಂತೆ ಕೊಲ್ಲುತ್ತಿತ್ತು. ಕೆಲವೇ ದಿನಗಳಲ್ಲಿ ಅದನ್ನು ತಗ್ಗಿಸಿದರು, ಗಲಾಟೆಯೂ ಅಷ್ಟಕ್ಕೇ ನಿಂತಿತು. ಓವರ್‌ವಾಚ್‌ನಲ್ಲಿ ಹೊಡೆತ ತಡೆಯುವ ಮೂವರು ಟ್ಯಾಂಕ್, ಗುಣಪಡಿಸುವ ಮೂವರು ಸಪೋರ್ಟ್ ಸೇರಿದ ಗೋಟ್ಸ್ ತಂಡದ ಕಥೆ ಬೇರೆ. ಅದು ತಿಂಗಳುಗಟ್ಟಲೆ ಆಳಿತು, ಅಂಕಿಗಳನ್ನು ಎಷ್ಟು ತಿದ್ದಿದರೂ ಹೋಗಲಿಲ್ಲ. ಕೊನೆಗೆ 2019ರ ಜುಲೈನಲ್ಲಿ ಓವರ್‌ವಾಚ್ ಲೀಗ್‌ನಲ್ಲಿ ಪ್ರತಿ ಪಾತ್ರಕ್ಕೆ ಇಬ್ಬರೇ ಎಂಬ ನಿಯಮವನ್ನೇ ತರಬೇಕಾಯಿತು. ಅಂಕಿಯಿಂದ ಆಗದ ಕೆಲಸ ಯಾವುದು ಎಂದು ಬೇಗ ಗುರುತಿಸಿದಷ್ಟೂ ಆಟಗಾರರ ತಾಳ್ಮೆ ಉಳಿಯುತ್ತದೆ.

7. ಹಳೆಯ ಅಂಕಿ, ಹೊಸ ಅಂಕಿ, ಕಾರಣ: ಮೂರನ್ನೂ ಬರೆಯಿರಿ

ಪ್ಯಾಚ್ ನೋಟ್ಸ್‌ನಲ್ಲಿ ‘ಡ್ಯಾಮೇಜ್ ಸ್ವಲ್ಪ ಇಳಿಸಲಾಗಿದೆ’ ಎಂದು ಬರೆದರೆ ಓದುವವನು ಅದನ್ನು ಹತ್ತು ಪಟ್ಟು ಮಾಡಿಕೊಳ್ಳುತ್ತಾನೆ. ‘ನಡುದೂರದ ಡ್ಯಾಮೇಜ್ 34ರಿಂದ 33ಕ್ಕೆ. ಅಲ್ಲಿ ಉಳಿದ ರೈಫಲ್‌ಗಳಿಗೆ ಜಾಗವೇ ಇರಲಿಲ್ಲ. ಹತ್ತಿರದಲ್ಲಿ ಈ ಗನ್ ಮುಂಚಿನಂತೆಯೇ ಗೆಲ್ಲಬೇಕೆಂಬುದು ನಮ್ಮ ಉದ್ದೇಶ’ ಎಂದು ಬರೆದರೆ ಒಪ್ಪದವನು ಕೂಡ ವಾದಕ್ಕೆ ಬರುತ್ತಾನೆ. ವಾದಕ್ಕೆ ಬಂದವನಿಂದ ಕಲಿಯುವುದು ಬಹಳ ಇರುತ್ತದೆ. ಹೇಳದೆ ಕೇಳದೆ ಗುಟ್ಟಾಗಿ ಮಾಡುವ ಬದಲಾವಣೆ ಮಾತ್ರ ಯಾವ ಕಾರಣಕ್ಕೂ ಬೇಡ. ಆಟಗಾರರು ವಿಡಿಯೋದ ಒಂದೊಂದೇ ಫ್ರೇಮ್ ಎಣಿಸಿ ಅದನ್ನು ಹಿಡಿಯುತ್ತಾರೆ, ಆಮೇಲೆ ನಿಜ ಹೇಳಿದರೂ ನಂಬುವುದಿಲ್ಲ.

8. ಬೆದರಿಕೆ ದೂರಲ್ಲ

2013ರ ಜುಲೈನಲ್ಲಿ ಕಾಲ್ ಆಫ್ ಡ್ಯೂಟಿ: ಬ್ಲ್ಯಾಕ್ ಆಪ್ಸ್ 2 ಆಟದ ಡಿಎಸ್ಆರ್ 50 ಸ್ನೈಪರ್‌ನ ಹೊಡೆತದ ಅಂತರವನ್ನು 0.2 ಸೆಕೆಂಡಿನಿಂದ 0.4ಕ್ಕೆ ಬದಲಾಯಿಸಿದರು. ಅದನ್ನು ಪ್ರಕಟಿಸಿದ ವಿನ್ಯಾಸಕ ಡೇವಿಡ್ ವಾಂಡರ್‌ಹಾರ್‌ಗೆ ಕೊಲೆ ಬೆದರಿಕೆಗಳು ಬಂದವು. ಈ ಕೆಲಸದಲ್ಲಿರುವವರು ಸಿಟ್ಟನ್ನು ಕೊನೆಯ ಸಾಲಿನವರೆಗೂ ಓದಲಿ, ಬೆದರಿಕೆಯನ್ನು ಒಂಟಿಯಾಗಿ ನುಂಗಿಕೊಳ್ಳುವುದು ಬೇಡ. ಅದನ್ನು ಮೇಲಿನವರಿಗೆ, ಬೇಕಾದರೆ ಪೊಲೀಸರಿಗೆ ಒಪ್ಪಿಸಬೇಕು. ಮನೆಮಂದಿಯ ಹೆಸರೆತ್ತಿ ಬೈದವನ ದೂರಿನಲ್ಲಿ ಎಷ್ಟೇ ಹುರುಳಿದ್ದರೂ ಓದುವವರ ಮನಸ್ಸಿಗೆ ಅದು ಇಳಿಯುವುದಿಲ್ಲ.

ಆಟಗಾರರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಗನ್ ಹಾಳಾಯಿತು ಅನಿಸಿದಾಗ ದಯವಿಟ್ಟು ಸುಮ್ಮನಾಗಬೇಡಿ, ಬರೆಯಿರಿ. ಯಾವ ಮ್ಯಾಪ್, ಎಷ್ಟು ದೂರ, ಎದುರಾಳಿಯ ಕೈಯಲ್ಲಿ ಯಾವ ಗನ್, ನಿಮ್ಮ ಪಿಂಗ್ ಎಷ್ಟು, ಮುಂಚೆ ಎಷ್ಟು ಗುಂಡಿಗೆ ಬೀಳುತ್ತಿದ್ದ ಮತ್ತು ಈಗ ಎಷ್ಟು ಬೇಕು ಎಂಬುದನ್ನು ಸೇರಿಸಿ. ಸಾಧ್ಯವಾದರೆ ಅರ್ಧ ನಿಮಿಷದ ವಿಡಿಯೋ ಹಚ್ಚಿ. ಕನ್ನಡದಲ್ಲೇ ಬರೆದರೂ ಸರಿ, ನಮ್ಮ ಸ್ಟುಡಿಯೋದಲ್ಲಿ ಓದುವವರಿದ್ದೇವೆ.