ಆಟಿಸಂ ಇರುವ ಮಗುವಿಗೆ ಕಲಿಸುವುದು ಹೇಗೆ?

ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಬೇಕಾದುದನ್ನು ಬೆರಳು ತೋರಿಸಿ ಕೇಳುವುದಿಲ್ಲ. ಎರಡು ವರ್ಷ ದಾಟಿದರೂ ಎರಡು ಪದ ಕೂಡಿಸಿ ಆಡುವುದಿಲ್ಲ. ಇಂತಹ ಮಗುವನ್ನು ಕಂಡು ‘ಹಠಮಾರಿ’ ಎನ್ನುವವರಿದ್ದಾರೆ, ‘ತಾಯಿಯೇ ಕೆಡಿಸಿದಳು’ ಎನ್ನುವವರೂ ಇದ್ದಾರೆ. ಎರಡೂ ತಪ್ಪು. ಅಮೆರಿಕದ ವೈದ್ಯ ಲಿಯೊ ಕ್ಯಾನರ್ 1943ರಲ್ಲಿ ವಿವರಿಸಿದ ಆಟಿಸಂ, ಮೆದುಳಿನ ಬೆಳವಣಿಗೆಯಲ್ಲಿಯೇ ಇರುವ ವ್ಯತ್ಯಾಸ. ಅದು ತಾಯಿಯ ತಪ್ಪಿನಿಂದ ಬಂದದ್ದಲ್ಲ, ಚುಚ್ಚುಮದ್ದಿನಿಂದಲೂ ಅಲ್ಲ. ಅದನ್ನು ಗುಣಪಡಿಸುವ ಔಷಧಿ ಇಲ್ಲ. ಆದರೆ ಮಗುವಿಗೆ ಕಲಿಸಬಹುದು. ಹಾಗೆ ಕಲಿಸುವ ಒಂದು ಕ್ರಮಕ್ಕೆ ವರ್ತನಾ ಚಿಕಿತ್ಸೆ ಎಂದು ಹೆಸರು.

ಕೈ ತೊಳೆಯುವುದನ್ನೇ ನೋಡೋಣ. ನಲ್ಲಿ ತಿರುಗಿಸುವುದು, ಕೈ ಒದ್ದೆ ಮಾಡುವುದು, ಸಾಬೂನು ಹಚ್ಚಿ ಉಜ್ಜುವುದು, ತೊಳೆಯುವುದು, ನಲ್ಲಿ ನಿಲ್ಲಿಸುವುದು, ಒರೆಸುವುದು: ನಮಗೆ ಒಂದೇ ಕೆಲಸ, ಮಗುವಿಗೆ ಆರು. ಮೊದಲ ಐದನ್ನು ನೀವು ಅದರ ಕೈ ಹಿಡಿದು ಮಾಡಿಸಿ, ಕೊನೆಯ ಒರೆಸುವುದನ್ನು ಮಾತ್ರ ಅದಕ್ಕೆ ಬಿಡಿ. ಒರೆಸಿದ ಕೂಡಲೇ ಹೊಗಳಿ, ಇಷ್ಟದ ತಿಂಡಿಯ ಚೂರು ಕೊಡಿ. ‘ಸಂಜೆ ಕೊಡುತ್ತೇನೆ’ ಎಂದರೆ ಪ್ರಯೋಜನವಿಲ್ಲ. ಅದು ಬಂದ ಮೇಲೆ ಕೊನೆಯ ಎರಡನ್ನು ಬಿಡಿ. ತೋಟದ ಕೆಲಸದ ನಡುವೆ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂದು ಕೇಳಬಹುದು. ಊಟಕ್ಕೆ ಮುಂಚೆ ಹೇಗೂ ಕೈ ತೊಳೆಯಲೇಬೇಕಲ್ಲ!

ಇನ್ನು ಚೀರಾಟ. ಚೀರುವ ಮೊದಲು ಏನಾಯಿತು, ಚೀರಿದ ಮೇಲೆ ಏನು ಸಿಕ್ಕಿತು ಎಂದು ಒಂದು ವಾರ ಬರೆದಿಡಿ. ಅಡಿಕೆ ಸುಲಿಯುವ ಯಂತ್ರದ ಸದ್ದು ಕಾರಣವಾದರೆ ಮಗುವನ್ನು ದೂರ ಕೂರಿಸಿ. ಹಠಾತ್ತನೆ ಹೆಚ್ಚಿದರೆ ಕಿವಿನೋವು, ಹಲ್ಲುನೋವು ಇದೆಯೇ ನೋಡಿಸಿ. ಚೀರಿದಾಗಲೆಲ್ಲ ಬಾಳೆಹಣ್ಣು ಸಿಕ್ಕಿದ್ದರೆ, ಕೇಳುವ ರೀತಿ ಅದೇ ಎಂದು ಮಗು ಕಲಿತಿದೆ. ಹಣ್ಣಿನ ಚಿತ್ರ ಮುಟ್ಟುವುದನ್ನು ಕಲಿಸಿ, ಮುಟ್ಟಿದ ಕ್ಷಣವೇ ಕೊಡಿ. ಮೊದಲ ಕೆಲವು ದಿನ ಚೀರಾಟ ಹೆಚ್ಚಲೂಬಹುದು. ಆಗ ಅಜ್ಜಿ ಗುಟ್ಟಾಗಿ ಹಣ್ಣು ಕೊಟ್ಟರೆ ಕಲಿಸಿದ್ದೆಲ್ಲ ನೀರುಪಾಲು.

ಹೊಡೆಯಬೇಡಿ. ಎಳೆಯ ಮಕ್ಕಳಿಗೆ ಈ ಕ್ರಮದಲ್ಲಿ ಕಲಿಸಿ 1987ರಲ್ಲಿ ಫಲಿತಾಂಶ ಪ್ರಕಟಿಸಿದ ಲಾಸ್ ಏಂಜಲೀಸ್‌ನ ಲೋವಾಸ್ ಅವರು ಗದರಿಕೆ, ಹೊಡೆತಗಳನ್ನೂ ಬಳಸಿದ್ದರು. ಅದು ಈಗ ಒಪ್ಪಿತವಲ್ಲ. ಮಗು ಸಂತೋಷಕ್ಕೆ ಕೈ ಬಡಿದುಕೊಂಡರೆ ಬಡಿದುಕೊಳ್ಳಲಿ, ಯಾರಿಗೇನು ನಷ್ಟ?

ಸಂಶಯವಿದ್ದರೆ ಶಾಲೆಗೆ ಸೇರಿಸುವ ತನಕ ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿಯ ಪರೀಕ್ಷೆಯನ್ನೂ ಮಾಡಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಆಟಿಸಂ ಸೇರಿದೆ, ಪ್ರಮಾಣಪತ್ರ ಪಡೆಯಿರಿ.

ಪೂಜೆಯ ವೇಳೆ ಇಂತಹ ಮಗು ಕೂಗಿದರೆ ಹಿಂದಿರುಗಿ ದುರುಗುಟ್ಟಬೇಡಿ. ಪಕ್ಕದ ಬಾಗಿಲ ಬಳಿಯ ಬೆಂಚನ್ನು ಅಂತಹ ಮನೆಯವರಿಗೆ ಬಿಟ್ಟುಕೊಡಿ. ನನ್ನ ಪ್ರಸಂಗಕ್ಕೆ ಅಡ್ಡಿಯಾಗುತ್ತದೆಂದು ಯಾವ ತಾಯಿಯೂ ಮಗುವನ್ನು ಮನೆಯಲ್ಲಿ ಬಿಟ್ಟು ಬರಬೇಕಾಗಿಲ್ಲ.